ಬಲೆ ಇಳಿಸಿ ಮೈನ್ ಹಿಡಿದ ಟ್ರಾಲರ್‌ಗಳು

23 ನವೆಂಬರ್ 2024, ಶನಿವಾರ

1939ರ ಇದೇ ದಿನ ಇಂಗ್ಲೆಂಡಿನ ಷೂಬರಿನೆಸ್ ಕೆಸರು ದಂಡೆಯಲ್ಲಿ ನೌಕಾಧಿಕಾರಿ ಜಾನ್ ಔವ್ರಿ ಜರ್ಮನರ ಮ್ಯಾಗ್ನೆಟಿಕ್ ಮೈನೊಂದನ್ನು (ಹಡಗಿನ ಕಾಂತತ್ವಕ್ಕೆ ಸಿಡಿಯುವ ಸಮುದ್ರ ಬಾಂಬು) ಬಿಚ್ಚಿದ್ದು. ಅಲ್ಲಿಯವರೆಗೆ ಬ್ರಿಟಿಷ್ ನೌಕಾಪಡೆಯ ಲೆಕ್ಕದಲ್ಲಿ ಬಲೆ ಎಳೆಯುವ ಮೀನಿನ ಟ್ರಾಲರ್ ಅಂದರೆ ಅರ್ಧ ತಯಾರಾದ ಮೈನ್‌ಸ್ವೀಪರ್ (ಮೈನ್ ಗುಡಿಸುವ ಹಡಗು). ಭಾರ ಎಳೆಯುವ ಎಂಜಿನ್, ಗಟ್ಟಿ ವಿಂಚ್, ತಂತಿಹಗ್ಗ ಪಳಗಿದ ಕೈಗಳು, ಎಲ್ಲವೂ ಹಡಗಿನೊಂದಿಗೇ ಬರುತ್ತಿದ್ದವು. ನೌಕಾ ಮೀಸಲು ಪಡೆಯಲ್ಲಿ ಟ್ರಾಲರ್ ವಿಭಾಗ 1910ರಲ್ಲೇ ಶುರುವಾಗಿತ್ತು.

ಲಂಗರು ಕಟ್ಟಿದ ಮೈನ್‌ಗಳನ್ನು ಗುಡಿಸುವ ಎಳೆತಂತಿಯಾದ ಒರೊಪೇಸ ಸ್ವೀಪ್‌ಗೆ ಹೆಸರು ಬಂದದ್ದೇ ಅದನ್ನು ಪ್ರಯೋಗಿಸಿದ ಟ್ರಾಲರ್‌ನಿಂದ. ಬಲೆಯ ಬಾಯಿ ಅಗಲಿಸುವ ಆಟರ್ ಬೋರ್ಡಿನ ಜಾತಿಯದೇ ಇಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಹಿಂಬದಿಯ ಹತ್ತಿರ 'ಕೈಟ್' ಅದನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ದೂರದ ತುದಿ ಮುಳುಗಿಹೋಗದಂತೆ ಬಾವುಟ ಹೊತ್ತ ತೇಲುಬುರುಡೆ. ಮೈನಿನ ಲಂಗರು ತಂತಿ ಈ ಸ್ವೀಪ್‌ಗೆ ಸಿಕ್ಕಿ, ಒರಟು ಎಳೆಯ ಮೇಲೆ ಜಾರುತ್ತಾ ಕಟ್ಟರ್‌ವರೆಗೆ ಹೋಗಿ ತುಂಡಾಗುತ್ತದೆ. ಮೈನ್ ಮೇಲೆ ಬರುತ್ತದೆ, ರೈಫಲ್‌ನಿಂದ ಗುಂಡು ಹೊಡೆದು ಮುಳುಗಿಸುತ್ತಾರೆ.

ಕೆಡುವುದು ಹೆಚ್ಚಾಗಿ ತಿರುವಿನಲ್ಲಿ. ವೇಗ ಇಳಿದರೆ ಆಟರ್‌ಗೆ ನೀರಿನ ಒತ್ತಡ ಸಾಲದೆ ಅದು ಹರಡಿಕೊಳ್ಳುವುದಿಲ್ಲ, ತಂತಿ ಜೋತುಬಿದ್ದು ತಳಕ್ಕೆ ತಗುಲುತ್ತದೆ. ಇನ್ನೂ ಕೆಟ್ಟದ್ದು, ತಂತಿ ತುಂಡಾಗದ ಮೈನ್ ಸ್ವೀಪ್‌ಗೆ ಸುತ್ತಿಕೊಂಡು ವಿಂಚ್‌ನೊಂದಿಗೆ ಹಿಂಬದಿಗೇ ಬರುವುದು. ಅದಕ್ಕೇ ಸುತ್ತಿ ಎಳೆಯುವಾಗ ಒಬ್ಬನ ಕಣ್ಣು ನೀರಿನ ಮೇಲೇ ಇರಬೇಕು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ: ಸ್ವೀಪ್ ಇರುವುದು ಹಡಗಿನ ಪಕ್ಕದಲ್ಲಿ, ಮುಂದೆ ಅಲ್ಲ. ಸಾಲಿನ ಮೊದಲ ಹಡಗು ಗುಡಿಸದ ನೀರಿನ ಮೇಲೇ ಸಾಗುತ್ತದೆ. ಮೈನ್ ಆದಷ್ಟು ಆಳದಲ್ಲಿ ಉಳಿಯಲೆಂದು ಭರತದ ಹೊತ್ತು ನೋಡಿ ಹೊರಡುವುದು ಅದಕ್ಕೇ. ಹಿಂದಿನವು ಮುಂದಿನದರ ಗುಡಿಸಿದ ಪಟ್ಟಿಯೊಳಗೇ ಓರೆಯಾಗಿ ಬರುತ್ತವೆ.

ಮ್ಯಾಗ್ನೆಟಿಕ್ ಮೈನ್ ಈ ಲೆಕ್ಕವನ್ನೆಲ್ಲ ಕೆಡಿಸಿತು. ತಳದಲ್ಲಿ ಮಲಗಿದ್ದಕ್ಕೆ ಕತ್ತರಿಸಲು ಲಂಗರು ತಂತಿಯೇ ಇಲ್ಲ, ಹಡಗಿನ ಉಕ್ಕಿನ ಮೈಯೇ ಅದಕ್ಕೆ ಕರೆಗಂಟೆ. ಹಾಗಾಗಿ ಮರದ ಡ್ರಿಫ್ಟರ್ ಮೀನುದೋಣಿಗಳಿಗೆ ಬೆಲೆ ಬಂತು, ಉಕ್ಕಿನವಕ್ಕೆ ಕಾಂತತ್ವ ಅಡಗಿಸುವ ಡಿಗಾಸಿಂಗ್ ಸುರುಳಿ ಸುತ್ತಿದರು. 1940ರ 'ಡಬಲ್ ಎಲ್' ಸ್ವೀಪ್‌ನಲ್ಲಿ ಎರಡು ಹಡಗು ಜೊತೆಜೊತೆಗೆ ಸಾಗುತ್ತಾ, ತೇಲುವ ಕೇಬಲ್‌ಗಳ ತುದಿಯಿಂದ ಉಪ್ಪುನೀರಿಗೇ ಮಿಡಿತ ಮಿಡಿತವಾಗಿ ವಿದ್ಯುತ್ ಬಿಡುತ್ತವೆ; ಅದರ ಕಾಂತಕ್ಷೇತ್ರಕ್ಕೆ ಮೈನ್ ಸಿಡಿಯುತ್ತದೆ. ಎರಡರ ಮಿಡಿತವೂ ಒಂದೇ ಕ್ಷಣಕ್ಕೆ ಬೀಳಬೇಕು, ತಪ್ಪಿದರೆ ನಡುವಿನ ನೀರಿನಲ್ಲಿ ಕ್ಷೇತ್ರ ದುರ್ಬಲ.

1982ರಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆಂದು ಇಂಗ್ಲೆಂಡಿನ ಹಲ್ ಬಂದರಿನ ಐದು ಟ್ರಾಲರ್‌ಗಳನ್ನು ಮತ್ತೆ ಇದೇ ಕೆಲಸಕ್ಕೆ ಎತ್ತಿಕೊಂಡರು: ಕಾರ್ಡೆಲ್ಲಾ, ಫಾರ್ನೆಲ್ಲಾ, ಜುನೆಲ್ಲಾ, ನಾರ್ತೆಲ್ಲಾ, ಪಿಕ್ಟ್. ಅಲ್ಲಿನ ರಾಜಧಾನಿ ಸ್ಟಾನ್ಲಿಯ ಹೊರಗೆ ಲಂಗರು ಕಟ್ಟಿದ ಮೈನ್‌ಗಳನ್ನು ತಂತಿಯಿಂದಲೇ ಗುಡಿಸಿದರು. ತಳದ ಮೈನ್ ಹುಡುಕಲು ಆಮೇಲೆ ಫೈಬರ್‌ಗ್ಲಾಸ್ ಮೈಯ ಬ್ರೆಕನ್, ಲೆಡ್‌ಬರಿ ಹಡಗುಗಳು ಬಂದವು.