ವಿದೇಶಕ್ಕೆ ಹೊರಡುವ ಮುನ್ನ ತೋಟದ ಲೆಕ್ಕ

ಇಟಲಿಯಲ್ಲಿ 15%, ದುಬೈನಲ್ಲಿ ಸೊನ್ನೆ ಎಂಬ ತೆರಿಗೆ ದರ ನೋಡಿ ಸ್ವಂತವಾಗಿ ಡಿಸೈನ್, ಸಾಫ್ಟ್‌ವೇರ್ ಕೆಲಸ ಮಾಡುವವರು ಕೊಡಗಿನಿಂದ ಹೊರಡಲು ಅಣಿಯಾಗುತ್ತಾರೆ. ದರಕ್ಕಿಂತ ಮೊದಲು ಹೊರಡುವ ತಾರೀಕನ್ನೂ ಮನೆಯ ಕಾಫಿ ತೋಟವನ್ನೂ ನೋಡಿ.

ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆಯ ಲೆಕ್ಕಕ್ಕೆ ನೀವು ಭಾರತದ ನಿವಾಸಿ, ಹೊರಗಿನ ಗಳಿಕೆಗೂ ಇಲ್ಲಿ ತೆರಿಗೆ. ಉದ್ಯೋಗಕ್ಕೆಂದು ಹೊರಡುವ ಭಾರತೀಯ ಪ್ರಜೆಗೆ ಇದೊಂದೇ ಮಿತಿ. ಉಳಿದವರು ಹಿಂದಿನ 4 ವರ್ಷಗಳಲ್ಲಿ 365 ದಿನ ಇಲ್ಲಿದ್ದಿದ್ದರೆ 60 ದಿನಕ್ಕೇ ನಿವಾಸಿಯಾಗುತ್ತಾರೆ. ಸ್ವಂತ ವ್ಯವಹಾರಕ್ಕೆ ಹೋಗುವುದೂ ಉದ್ಯೋಗವೇ ಎಂದು ಕೇರಳ ಹೈಕೋರ್ಟ್ 2011ರಲ್ಲಿ ಹೇಳಿದೆ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಆ ಆಸರೆ ಸಿಗುವುದು ಕಷ್ಟ. ಹೊರಡುವ ದಿನವೂ ಎಣಿಕೆಗೆ ಸೇರುವುದರಿಂದ ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಬೇಕು. ಅಲ್ಲಿಗೆ 181 ದಿನ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಮುಗಿಸಿ ಹೊರಡಲು ಅಡ್ಡಿಯಿಲ್ಲ. ಆದರೆ ಅದೇ ವರ್ಷ ಸುಗ್ಗಿ ಹಬ್ಬ ಪುತ್ತರಿಗೆಂದು 10 ದಿನ ಬರುವುದಿದ್ದರೆ 18ಕ್ಕೇ ಹೊರಟುಬಿಡಿ.

ಹೀಗೆ ಅನಿವಾಸಿಯಾಗುವುದಕ್ಕೊಂದು ಬೆಲೆಯೂ ಇದೆ. ವೃತ್ತಿಯ ಗಳಿಕೆಯಲ್ಲಿ ಅರ್ಧವನ್ನೇ ಲಾಭವೆಂದು ತೋರಿಸುವ ಅಂದಾಜು ತೆರಿಗೆಯ ಸೌಲಭ್ಯ ನಿವಾಸಿಗೆ ಮಾತ್ರ. ಅನಿವಾಸಿಯಾದ ವರ್ಷ ಏಪ್ರಿಲ್‌ನಿಂದಲೇ ಲೆಕ್ಕಪುಸ್ತಕ, ಖರ್ಚಿನ ಬಿಲ್ಲು ಬೇಕು. ಇದು ಬಹಳ ಮಂದಿಗೆ ರಿಟರ್ನ್ ಸಲ್ಲಿಸುವಾಗಲೇ ಗೊತ್ತಾಗುವುದು.

ಈಗ ಇಟಲಿ. ಸ್ವಂತ ಕೆಲಸ ಮಾಡುವವರಿಗೆ ಅಲ್ಲಿರುವ ಫೋರ್ಫೆಟಾರಿಯೊ ಎಂಬ ಸರಳ ತೆರಿಗೆ ಪದ್ಧತಿಯ ಮಿತಿ ವರ್ಷಕ್ಕೆ 85,000 ಯೂರೋ ಗಳಿಕೆ. ವೃತ್ತಿಪರರಿಗೆ ಅದರ 78% ಮೇಲೆ 15%. 40,000 ಯೂರೋ ಗಳಿಸಿದರೆ 31,200ರ ಮೇಲೆ ತೆರಿಗೆ 4,680. ಬೇರೆ ಪಿಂಚಣಿ ನಿಧಿ ಇಲ್ಲದವರು ಇದರ ಜೊತೆಗೆ ಅದೇ 31,200ರ ಮೇಲೆ ಸುಮಾರು 26% ಪಿಂಚಣಿ ವಂತಿಗೆ ಕಟ್ಟಬೇಕು. ಆ ವಂತಿಗೆಯೇ 8,100 ಯೂರೋ ದಾಟುತ್ತದೆ. 15% ಎಂದು ನಂಬಿ ಹೋದವರು ಎಡವುವುದು ಇಲ್ಲಿ.

ತೋಟದ ದುಡ್ಡಿಗೆ ಈ ಪದ್ಧತಿ ಅನ್ವಯಿಸುವುದೇ ಇಲ್ಲ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಮಾರಿದ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ನಾವೇ ಕ್ಯೂರಿಂಗ್ (ಉಳಿದ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಲಾಭದ 25%, ಹುರಿದು ಪುಡಿ ಮಾಡಿದರೆ 40% ವ್ಯವಹಾರದ ಆದಾಯವಾಗುತ್ತದೆ. ಇಟಲಿಯ ನಿವಾಸಿ ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ಘೋಷಿಸಬೇಕು. ಸಾಮಾನ್ಯ ದರ 23%ರಿಂದ ಶುರು. ಇಲ್ಲಿ ಕಟ್ಟದ ತೆರಿಗೆಗೆ ಅಲ್ಲಿ ವಜಾ ಸಿಗುವುದಿಲ್ಲ.

ದುಬೈನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ನಿಜ. ಸ್ವಂತ ವ್ಯವಹಾರದ ವಹಿವಾಟು ವರ್ಷಕ್ಕೆ 10 ಲಕ್ಷ ದಿರ್ಹಾಂ ದಾಟಿದರೆ ನೋಂದಣಿ ಮಾಡಿಸಿ, 3,75,000 ದಿರ್ಹಾಂ ಮೀರಿದ ಲಾಭಕ್ಕೆ 9% ಕಟ್ಟಬೇಕು. ನನಗೆ ಹೆಚ್ಚು ಆತಂಕ ತರುವುದು ಭಾರತದ ನಿಯಮ: ಇಲ್ಲಿನ ಆದಾಯ 15 ಲಕ್ಷ ಮೀರಿ, ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಪರಿಗಣಿಸುತ್ತಾರೆ. ಆಗ ಮಡಿಕೇರಿಯಲ್ಲಿ ಕಟ್ಟಿದ ವೃತ್ತಿಯಿಂದ ಹೊರಗೆ ಬರುವ ಗಳಿಕೆಗೂ ಇಲ್ಲಿ ತೆರಿಗೆ ಬೀಳಬಹುದು. ಚೆರಿ ಮಾರಿದ ಹಣ ಆ 15 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಹೋಮ್‌ಸ್ಟೇ ಆದಾಯ, ಕ್ಯೂರಿಂಗಿನ 25% ಬರುತ್ತವೆ. ಅಲ್ಲಿನ ನಿವಾಸಿ ಎಂದು ತೋರಿಸಲು ಯುಎಇಯ ತೆರಿಗೆ ನಿವಾಸ ಪ್ರಮಾಣಪತ್ರವನ್ನು ಪ್ರತಿ ವರ್ಷ ತೆಗೆಸಿಡಿ.

ಹೊರಟ ಕೂಡಲೇ ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಭಾರತದ ಆದಾಯಕ್ಕಿರುವ ಖಾತೆ) ಮಾಡಿಸಿ. ಕಾಫಿ ವ್ಯಾಪಾರಿ ಕೊಡುವ ಹಣ ಇನ್ನು ಅಲ್ಲಿಗೇ ಬರಬೇಕು. ಅನಿವಾಸಿಯಾದ ಮೇಲೆ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಆರ್‌ಟಿಸಿಯಲ್ಲಿ ಹಲವರ ಹೆಸರಿದ್ದರೆ, ಫಸಲಿನಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಒಕ್ಕದವರೆಲ್ಲ (ಕುಲದ ಕುಟುಂಬದವರೆಲ್ಲ) ಸಹಿ ಹಾಕಿದ ಕಾಗದದಲ್ಲಿ ಬರೆಸಿಕೊಳ್ಳಿ. ಹೋದ ದೇಶದ ತೆರಿಗೆ ಅಧಿಕಾರಿ ಕೇಳಿದಾಗ ಇಡೀ ತೋಟದ ಆದಾಯ ನಿಮ್ಮದಲ್ಲ ಎಂದು ತೋರಿಸಲು ಅದು ಬೇಕಾಗುತ್ತದೆ.