ಕೇಸ್ ಶೀಟಿನ ಮೇಲಿನ ಕೆಂಪು ಶಾಯಿ

ಹೆರಿಗೆ ವಾರ್ಡಿನಲ್ಲಿ ನನಗಿದು ಹನ್ನೊಂದನೆಯ ವರ್ಷ. ಎಚ್‌ಐವಿ ಸೋಂಕು ಪತ್ತೆಯಾದವರ ಕೇಸ್ ಶೀಟಿನ ತಲೆಯ ಮೇಲೆ ಕೆಂಪು ಪೆನ್ನಿನಿಂದ 'ರಿಯಾಕ್ಟಿವ್' ಎಂದು ಬರೆದು ಸುತ್ತ ಗೆರೆ ಎಳೆಯುವುದನ್ನು ಹಿರಿಯರಿಂದ ಕಲಿತೆ, ಕಿರಿಯರಿಗೂ ಕಲಿಸಿದೆ. ನಮ್ಮ ಸುರಕ್ಷತೆಗೆ ಅದು ಬೇಕೇ ಬೇಕೆಂದು ನಂಬಿದ್ದೆ.

ಆ ರಾತ್ರಿ ನೋವು ತಿನ್ನುತ್ತಾ ಬಂದವಳು ಮೂರು ವರ್ಷಗಳಿಂದ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ತಪ್ಪಿಸಿರಲಿಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದಿತ್ತು. ಹೆರಿಗೆ ಸಲೀಸಾಯಿತು, ಮಗುವಿಗೆ ಸೋಂಕು ತಗಲದಂತೆ ನೆವಿರಪಿನ್ ಸಿರಪ್ ಹಾಕಿದೆವು. ಬೆಳಿಗ್ಗೆ ಹ್ಯಾಂಡೋವರ್‌ಗೆ ಓಡುವ ಭರದಲ್ಲಿ ಫೈಲನ್ನು ಹಾಸಿಗೆಯ ಕಾಲಬದಿಯಲ್ಲೇ ಬಿಟ್ಟೆ.

ಹಿಂದಿರುಗಿದಾಗ ಅವಳ ಮೈದುನ ಅದನ್ನು ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಮೊಬೈಲ್. ಒಂದೊಂದೇ ಅಕ್ಷರ ನೋಡಿಕೊಂಡು ಒತ್ತುತ್ತಿದ್ದ. ಕಿತ್ತುಕೊಂಡರೆ ಅನುಮಾನ ಗಟ್ಟಿಯಾದೀತೆಂದು ನಾನು ಕದಲಲಿಲ್ಲ. "ಸಿಸ್ಟರ್, ಇದರ ಅರ್ಥವೇನು?" ಎಂದು ಕೇಳಿದ. "ಡಾಕ್ಟರನ್ನು ಕೇಳಿ" ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣು ಅವಳ ಕಡೆ ಹೋಯಿತು, ಅವನು ಅದನ್ನು ನೋಡಿದ. ಬಗ್ಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಆ ಹಿರಿಯಾಕೆ ತೊಡೆಯ ಮೇಲಿದ್ದ ಮೊಮ್ಮಗುವನ್ನು ಮೆಲ್ಲನೆ ಹಾಸಿಗೆಗೆ ಇಳಿಸಿ, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡರು. ಬಾಣಂತಿ ಗೋಡೆಯ ಕಡೆ ಹೊರಳಿದಳು. "ನಮ್ಮ ಯಜಮಾನರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಸಿಸ್ಟರ್."

ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯವನ್ನು ಬಯಲು ಮಾಡಬಾರದು ಎನ್ನುವ 2017ರ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ತರಬೇತಿಗೆ ಹೋಗಿ ಹಾಜರಿ ಹಾಕಿ ಬಂದವಳು ನಾನು. ಸುರಕ್ಷತೆಯ ಮಾತಾದರೂ ನಿಲ್ಲುತ್ತದೆಯೇ? ಸೋಂಕು ತಗುಲಿಯೂ ಪರೀಕ್ಷೆಯಲ್ಲಿ ಇನ್ನೂ ಕಾಣದ ವಿಂಡೋ ಪೀರಿಯಡ್‌ನಲ್ಲಿರುವವರ ಶೀಟಿನ ಮೇಲೆ ಯಾವ ಗುರುತೂ ಇರುವುದಿಲ್ಲ. ಅವರ ರಕ್ತವನ್ನು ಬರಿಗೈಯಲ್ಲಿ ತೆಗೆದು, ಇವಳನ್ನು ಮುಟ್ಟಲು ಎರಡು ಜೊತೆ ಗ್ಲೌಸ್ ಹಾಕುತ್ತಿದ್ದೆವು. ಯಾರ ಸೂಜಿ ಚುಚ್ಚಿದರೂ ಮಾಡಬೇಕಾದದ್ದು ಒಂದೇ: ಕೂಡಲೇ ವರದಿ ಮಾಡಿ, ಅಗತ್ಯವಿದ್ದರೆ 72 ಗಂಟೆ ದಾಟುವ ಮೊದಲೇ ಸೋಂಕು ತಡೆಯುವ ಪಿಇಪಿ ಔಷಧ ಆರಂಭಿಸಿ, 28 ದಿನ ಮಾತ್ರೆ ನುಂಗುವುದು. ಎಲ್ಲರಿಗೂ ಸಾಕಾಗುವಷ್ಟು ಗ್ಲೌಸ್‌ಗೆ ಇಂಡೆಂಟ್ ಹಾಕಿದರೆ ಅರ್ಧ ಬರುತ್ತದೆ. "ಪಾಸಿಟಿವ್ ಕೇಸಿಗೆ ಉಳಿಸಿಕೊಳ್ಳಿ" ಎಂಬ ಮಾತೂ ಬರುತ್ತದೆ. ಮೇಲಿನವರ ಈ ಜಿಪುಣತನಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಬರೆದ ಕೈ ಮಾತ್ರ ನನ್ನದೇ.

ಕ್ಷಮೆ ಕೇಳಿದೆ. "ಬರೆಯದಿದ್ದರೆ ಆಗುತ್ತಿರಲಿಲ್ಲವೇ?" ಎಂದಷ್ಟೇ ಕೇಳಿದಳು. ಇನ್‌ಚಾರ್ಜ್ ಸಿಸ್ಟರ್ ಜೊತೆ ವಾರಗಟ್ಟಲೆ ವಾದಿಸಿ ಕೆಂಪು ಗುರುತನ್ನು ನಿಲ್ಲಿಸಿದೆವು. ಫೈಲುಗಳು ಈಗ ಕಪಾಟಿನೊಳಗಿರುತ್ತವೆ.

ಆರು ವಾರಕ್ಕೆ ಮಗುವಿನ ರಕ್ತಪರೀಕ್ಷೆಗೆ ಬಂದಳು. ಜೊತೆಯಲ್ಲಿ ಹೆತ್ತ ತಾಯಿ ಮಾತ್ರ. ಫೈಲನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಸೆರಗಿನಡಿ ಅವಚಿಕೊಂಡಿದ್ದಳು.