ಬ್ಯಾಟರಿಗೆ ನೀರು ಹಾಕುವುದು ಹೇಗೆ?

ಆ ವಾರ ನನ್ನ ಕೈಯಲ್ಲಿ ನಾಲ್ಕು ಕೆಲಸ ಇದ್ದವು. ಮಕ್ಕಳ ನಿದ್ದೆಯ ಬಗ್ಗೆ ಒಂದು ಲೇಖನ, ಹೋಟೆಲೊಂದರ ವೆಬ್‌ಸೈಟಿಗೆ ಎರಡು ಪುಟ, ಮ್ಯೂಚುವಲ್ ಫಂಡ್ ಬಗ್ಗೆ ಒಂದು ಬರಹ, ಜೊತೆಗೆ ಬ್ಯಾಟರಿ ಕಂಪನಿಯೊಂದರ ಗ್ರಾಹಕರಿಗೆ ಕೈಪಿಡಿ. ಯಾರಾದರೂ ‘ನೀವು ಯಾವುದರ ಬಗ್ಗೆ ಬರೀತೀರಿ?’ ಅಂತ ಕೇಳಿದರೆ ‘ಎಲ್ಲದರ ಬಗ್ಗೆ’ ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಫ್ರೀಲಾನ್ಸ್ ಬರವಣಿಗೆ ಶುರು ಮಾಡಿ ಆಗಲೇ ನಾಲ್ಕು ವರ್ಷ. ಆ ಹೆಮ್ಮೆಗೆ ಏಟು ಬಿದ್ದಿದ್ದು ಒಂದು ಫೋನಿನಿಂದ.

ಕೈಪಿಡಿಯ ಡ್ರಾಫ್ಟ್ ಕಳಿಸಿದ ಮರುದಿನ ಆ ಕಂಪನಿಯ ಎಂಜಿನಿಯರ್ ಫೋನ್ ಮಾಡಿದರು.

“ಮೇಡಂ, ಮೂರನೇ ಪುಟ ತೆಗೀರಿ. ಚಾರ್ಜ್ ಮಾಡುವ ಮೊದಲು ಎಲ್ಲಾ ಸೆಲ್‌ಗೂ ಕಂಠದವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿ ಅಂತ ಬರೆದಿದ್ದೀರಿ. ನೀವು ಯಾವತ್ತಾದ್ರೂ ಬ್ಯಾಟರಿಗೆ ನೀರು ಹಾಕಿದ್ದೀರಾ?”

“ಇಲ್ಲ ಸಾರ್.”

“ಅದೇ ಅಂದ್ಕೊಂಡೆ. ನೀವು ಬರೆದ ಹಾಗೆ ಮಾಡಿದ್ರೆ ಆ್ಯಸಿಡ್ ಉಕ್ಕಿ ನೆಲದ ಮೇಲೆ ಬರುತ್ತೆ.”

ಬೈಸಿಕೊಳ್ಳೋಕೆ ತಯಾರಾದೆ. ಅವರು ಬೈಯಲಿಲ್ಲ, ಪಾಠ ಶುರು ಮಾಡಿದರು. ಚಾರ್ಜ್ ಆಗುವಾಗ ಒಳಗೆ ಗುಳ್ಳೆ ಏಳುತ್ತದೆ, ಬಿಸಿಗೆ ದ್ರವ ಹಿಗ್ಗುತ್ತದೆ, ಮಟ್ಟ ಮೇಲೆ ಬರುತ್ತದೆ. ಹಾಗಾಗಿ ಪೂರ್ತಿ ಚಾರ್ಜ್ ಆದ ಮೇಲೆ ನೀರು ಹಾಕಬೇಕು. ಮೊದಲೇ ಒಳಗಿನ ಸೀಸದ ಪ್ಲೇಟುಗಳು ದ್ರವದಿಂದ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಹಾಕಿ, ಆಮೇಲೆ ಚಾರ್ಜ್ ಮಾಡಬೇಕು. ನಾನು ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು. ಬಾಯಿ ಬಿಟ್ಟೆ.

“ನೀರು ಮಾತ್ರ ಯಾಕೆ ಸಾರ್? ಆ್ಯಸಿಡ್ ಕಡಿಮೆ ಆಗಲ್ವಾ?”

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಅವರ ದನಿಯೇ ಬದಲಾಯಿತು. ಚಾರ್ಜ್ ಮಾಡುವಾಗ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಟುಹೋಗುತ್ತದೆ, ಆ್ಯಸಿಡ್ ಒಳಗೇ ಉಳಿಯುತ್ತದೆ. ಹೈಡ್ರೋಜನ್‌ಗೆ ಕಿಡಿ ತಾಗಿದರೆ ಸಿಡಿಯುತ್ತದೆ, ಅದಕ್ಕೇ ಬ್ಯಾಟರಿ ಇಡುವ ಜಾಗದಲ್ಲಿ ಗಾಳಿ ಆಡಬೇಕು. ನಲ್ಲಿ ನೀರಿನ ಉಪ್ಪು, ಕಬ್ಬಿಣದ ಅಂಶ ಪ್ಲೇಟುಗಳನ್ನು ಹಾಳು ಮಾಡುತ್ತದೆ. 12 ವೋಲ್ಟ್ ಅಂತ ನಾವು ಕರೆಯುವ ಡಬ್ಬಿಯಲ್ಲಿ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್. ಫ್ರೆಂಚ್ ವಿಜ್ಞಾನಿ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಸೀಸ-ಆ್ಯಸಿಡ್ ಬ್ಯಾಟರಿಯ ಮೂಲ ರಸಾಯನ ಇವತ್ತಿಗೂ ಅದೇ. ಹತ್ತು ನಿಮಿಷದ ಫೋನು ಐವತ್ತು ನಿಮಿಷ ಆಯಿತು. ನನ್ನ ನೋಟ್‌ಬುಕ್ಕಿನಲ್ಲಿ ಏಳು ಪುಟ ತುಂಬಿತ್ತು.

ರಾತ್ರಿ ಮ್ಯೂಚುವಲ್ ಫಂಡ್ ಬರಹಕ್ಕೆ ಕೂತೆ. ನಾಲ್ಕು ವೆಬ್‌ಸೈಟ್ ಓದಿ, ಅದನ್ನೇ ತಿರುಗಿಸಿ ಮುರುಗಿಸಿ ಬರೆಯುವ ಕೆಲಸ. ಹಣದ ಬಗ್ಗೆ ಎರಡು ವರ್ಷದಿಂದ ಬರೆಯುತ್ತಿದ್ದೆ, ಒಬ್ಬರಿಗೂ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕು ಅನ್ನಿಸಿಯೇ ಇರಲಿಲ್ಲ. ಅದು ನನಗೆ ಚುಚ್ಚಿತು.

ಆ ಭಾನುವಾರ ಹಳೇ ಕೆಲಸಗಳ ಲೆಕ್ಕ ತೆಗೆದೆ. ಫ್ರೀಲಾನ್ಸರ್‌ಗಳು ‘ನಿಶ್’ ಅನ್ನುತ್ತಾರಲ್ಲ, ನಮ್ಮದು ಅಂತ ಹಿಡಿದುಕೊಳ್ಳುವ ಒಂದು ವಿಷಯ, ಅದನ್ನು ಆರಿಸಿಕೊಳ್ಳುವಾಗ ‘ನಿಮಗೆ ಇಷ್ಟವಾದದ್ದನ್ನು ಹಿಡಿಯಿರಿ’ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟ ಪ್ರವಾಸ. ಶೀಟಿನಲ್ಲಿ ಪ್ರತಿ ಕೆಲಸದ ಮುಂದೆ ಮೂರು ಅಂಕಣ ಹಾಕಿದೆ: ಎಷ್ಟು ಗಂಟೆ ಹಿಡಿಯಿತು, ಎಷ್ಟು ಸಲ ತಿದ್ದಿಸಿದರು, ಕ್ಲೈಂಟ್ ಮತ್ತೆ ಬಂದರಾ. ಪ್ರವಾಸದ್ದು ಒಂಬತ್ತು ಬರಹ, ಮತ್ತೆ ಬಂದವರು ಸೊನ್ನೆ. ಅದು ನನಗೆ ಇಷ್ಟವಾದ ಹಾಗೆ ಎಲ್ಲರಿಗೂ ಇಷ್ಟ, ಬಿಟ್ಟಿಯಾಗಿ ಬರೆದುಕೊಡುವವರೂ ಇದ್ದಾರೆ. ಆರೋಗ್ಯದ ಬರಹಗಳನ್ನು ನೋಡಿದಾಗ ನಿಜಕ್ಕೂ ಹೆದರಿಕೆ ಆಯಿತು. ಬ್ಯಾಟರಿಯಲ್ಲಿ ತಪ್ಪು ಮಾಡಿದರೆ ಎಂಜಿನಿಯರ್ ಫೋನ್ ಮಾಡುತ್ತಾರೆ. ನಾನು ಬರೆದ ಔಷಧದ ಬರಹಗಳನ್ನು ಡಾಕ್ಟರ್ ನೋಡಿದ್ದು ಒಂದೂ ಇರಲಿಲ್ಲ. ಆ ಸಾಲನ್ನು ಅಲ್ಲೇ ಕೆಂಪು ಮಾಡಿದೆ. ಯಂತ್ರ, ಬ್ಯಾಟರಿ, ಸೋಲಾರ್ ಅಂತ ಬೇಸರದಿಂದ ಒಪ್ಪಿಕೊಂಡಿದ್ದ ಐದು ಕೆಲಸದಲ್ಲಿ ಮೂವರು ಮತ್ತೆ ಬಂದಿದ್ದರು.

ಇಷ್ಟಾದರೂ ಪ್ರೊಫೈಲಿನ ಒಂದು ಸಾಲು ಬರೆಯೋಕೆ ಮೂರು ದಿನ ಹಿಡಿಯಿತು. ‘ತಂತ್ರಜ್ಞಾನ’ ಅಂತ ಹಾಕಿದರೆ ಸಮುದ್ರ. ‘ಸೀಸದ ಬ್ಯಾಟರಿ’ ಅಂತ ಹಾಕಿದರೆ ತಿಂಗಳಿಗೆ ಒಂದು ಕೆಲಸವೂ ಬಾರದು. ಕೊನೆಗೆ ‘ಬ್ಯಾಟರಿ, ಸೋಲಾರ್ ಮತ್ತು ಎಲೆಕ್ಟ್ರಿಕ್ ವಾಹನ, ಬಳಸುವವರಿಗೆ ಅರ್ಥವಾಗುವ ಹಾಗೆ’ ಅಂತ ಬರೆದೆ. ತೋರಿಸೋಕೆ ಸ್ಯಾಂಪಲ್ ಕಡಿಮೆ ಇತ್ತು, ಯಾರೂ ಕೇಳದಿದ್ದರೂ ಮೂರು ಬರೆದುಕೊಂಡೆ. ಗೆಳತಿ ಓದಿ, “ಇದನ್ನೆಲ್ಲ ಯಾರು ಓದ್ತಾರೆ ಮಾರಾಯ್ತಿ?” ಅಂದಳು. ಬ್ಯಾಟರಿ ಕೊಂಡವರು ಓದ್ತಾರೆ, ಅದೂ ಅದು ಕೈಕೊಟ್ಟ ದಿನ.

ಎರಡು ತಿಂಗಳು ಆ ವಿಷಯದ ಕೆಲಸ ಬರಲಿಲ್ಲ. ಹೋಟೆಲಿನ ಪುಟಗಳನ್ನು ಗುಟ್ಟಾಗಿ ಬರೆಯುತ್ತಲೇ ಇದ್ದೆ, ಹೊಟ್ಟೆ ಕೇಳಬೇಕಲ್ಲ. ಹಳೆಯದನ್ನು ಒಂದೇ ದಿನ ಬಿಟ್ಟೆ ಅನ್ನುವ ಧೀರರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಆಮೇಲೆ ಲಿಥಿಯಂ-ಅಯಾನ್ ಬ್ಯಾಟರಿಯ ಕೆಲಸ ಒಂದು ಬಂತು. ಸೋನಿ ಅದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿದ್ದು, 2019ರಲ್ಲಿ ಅದನ್ನು ರೂಪಿಸಿದ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು, ಇವೆಲ್ಲ ಯಾರಿಗಾದರೂ ಸಿಗುವ ಮಾಹಿತಿ. ಸೀಸದ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದಕ್ಕೆ ತುಂಬಿಟ್ಟಷ್ಟೂ ಒಳ್ಳೆಯದು. ಲಿಥಿಯಂ ಅನ್ನು ತುಂಬಿದ ಸ್ಥಿತಿಯಲ್ಲೇ, ಅದೂ ಬಿಸಿ ಜಾಗದಲ್ಲಿ, ತಿಂಗಳುಗಟ್ಟಲೆ ಇಟ್ಟರೆ ಬೇಗ ಸವೆಯುತ್ತದೆ. ಒಂದರ ಅಭ್ಯಾಸವನ್ನು ಜನ ಇನ್ನೊಂದಕ್ಕೆ ಹಚ್ಚುತ್ತಾರೆ ಅನ್ನೋದು ನನಗೆ ತಟ್ಟನೆ ಹೊಳೆಯಿತು, ಬರಹ ಅಲ್ಲಿಂದಲೇ ಶುರುವಾಯಿತು. ಹಿಂದೆ ಹೊಸ ವಿಷಯ ಅಂದರೆ ಓದೋಕೇ ಒಂದು ದಿನ ಹೋಗುತ್ತಿತ್ತು. ಇದು ಮಧ್ಯಾಹ್ನಕ್ಕೆ ಮುಗಿಯಿತು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಬೆಳಗ್ಗೆ ಬೇಗ ಏಳುವುದರ ಐದು ಲಾಭಗಳು’ ಜಾತಿಯ ಕೆಲಸ ನನಗೆ ಬರುವುದು ನಿಂತೇಹೋಯಿತು. ಕೈಪಿಡಿ ನಿಲ್ಲಲಿಲ್ಲ. ಅದೇ ಎಂಜಿನಿಯರ್ ಎರಡನೇ ಮಾದರಿಯ ಕೈಪಿಡಿಯನ್ನೂ ನನಗೇ ಕೊಟ್ಟರು. ಡ್ರಾಫ್ಟ್ ಕಳಿಸಿ, ಅವತ್ತಿಡೀ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಸಂಜೆ ಮೆಸೇಜ್ ಬಂತು, ಮತ್ತೆ ಮೂರನೇ ಪುಟದ್ದೇ: “ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ ಅನ್ನೋದು ಮೊದಲನೇ ಸಾಲಿಗೆ ಬರಲಿ. ಉಳಿದದ್ದು ಪ್ರಿಂಟಿಗೆ ಹೋಗಬಹುದು.”